ಫೋನಿನೊಳಗಿನ ಎರಡನೇ ಮನೆ

"ಅಕ್ಕಾ, ಈ ಫೋನಿನ್ಯಾಗ ಎರಡು ಮನಿ ಅದಾವ," ಎಂದಳು ಮೆಹನಾಜ. "ಒಂದರಾಗ ನೀ ಅಡ್ಡಾಡಾಕತ್ತಿ. ಇನ್ನೊಂದಕ್ಕ ಕೀಲಿ ಬಿದ್ದದ."

ದ್ರೌಪದಿಗೆ ತಿಳಿಯಲಿಲ್ಲ. ಅಫಜಲಪುರದ ಬಸ್‌ಸ್ಟ್ಯಾಂಡ್ ಎದುರಿನ ಆ ಸಣ್ಣ ಅಂಗಡಿಗೆ ಅವಳು ಬಂದಿದ್ದು ಫೋನು ಚುರುಕಾಗಲಿ ಎಂದು, ಅಷ್ಟೇ. ಮೊದಲು ಅದು ಬುರಾನುದ್ದೀನ ಕಾಕಾನ ರೇಡಿಯೋ ರಿಪೇರಿ ಅಂಗಡಿ. ಈಗ ಮಗಳು ಮೆಹನಾಜ ಫೋನು ಬಿಚ್ಚುತ್ತಾಳೆ, ಕಾಕಾ ಮೂಲೆಯಲ್ಲಿ ಕೂತು ಕೈಗಡಿಯಾರಗಳಿಗೆ ಸೆಲ್ಲು ಹಾಕುತ್ತಾನೆ.

"ಎರಡು ಮನಿ ಅಂದ್ರ ಏನಬೇ?"

"ಕಂಪನಿಯವರು ಸೀದಾ ಸಾದಾ ಆಂಡ್ರಾಯ್ಡ್ ಕೊಡಂಗಿಲ್ಲಕ್ಕಾ. ಮ್ಯಾಲ ತಮ್ದೊಂದು ಹೊಚ್ಚಿರ್ತಾರ. ಓಡಾಡೋ ಚಿತ್ರ, ಹವಾ ಹೇಳೋದು, ಆಟ, ಕಸ ಹೊಡಿತೀನಿ ಅಂತ ಹೇಳಿ ತಾನೇ ಕಸ ಹಾಕೋದು. ಎತ್ತು ಒಂದೇ ಇರ್ತದ, ಬಂಡ್ಯಾಗ ಊರಿಗೂರೇ ಹತ್ತಿ ಕುಂತಿರ್ತದ. ಎತ್ತು ಹೆಂಗ ಓಡಬೇಕು ಹೇಳು? ಈ ಎರಡನೇ ಮನಿನೂ ಅದರಾಗಿಂದೇ. ಒಂದ್ ಬೆರಳು ಇಟ್ರ ಈ ಮನಿ ತೆರೀತದ. ಬ್ಯಾರೆ ಬೆರಳು ಇಟ್ರ ಆ ಮನಿ. ಅಲ್ಲಿ ಫೋಟೋ ಬ್ಯಾರೆ, ನಂಬರ್ ಬ್ಯಾರೆ, ಎಲ್ಲಾ ಬ್ಯಾರೆ. ಒಂದೇ ಫೋನು, ಎರಡು ಸಂಸಾರ..."

ಅಂದವಳೇ ಮೆಹನಾಜ ನಾಲಿಗೆ ಕಚ್ಚಿಕೊಂಡಳು. ಆ ಫೋನು ದ್ರೌಪದಿಯ ಗಂಡ ಅಣ್ಣಾರಾಯನದು ಎಂದು ಅವಳಿಗೆ ಗೊತ್ತಿತ್ತು. ಅಣ್ಣಾರಾಯ ಸತ್ತು ಐದು ತಿಂಗಳಾಗಿದ್ದೂ ಗೊತ್ತಿತ್ತು.

ದ್ರೌಪದಿ ಮಣ್ಣೂರಿನಲ್ಲಿ ಉದ್ಯೋಗ ಖಾತ್ರಿ ಕೆಲಸದ ಮೇಟ್, ಕೂಲಿಗಳ ಹಾಜರಿ ಹಿಡಿಯುವವಳು. ನಾಲೆಯ ಹೂಳು ತೆಗೆಯುವ ನಲವತ್ತು ಜನರನ್ನು ಸಾಲಾಗಿ ನಿಲ್ಲಿಸಿ ಮುಂಜಾನೆ ಒಂದು ಫೋಟೋ, ಮಧ್ಯಾಹ್ನ ಒಂದು ಫೋಟೋ ಫೋನಿನಿಂದಲೇ ಏರಿಸಬೇಕು. ಎರಡೂ ಏರಿದರೆ ಹಾಜರಿ. ಒಂದು ತಪ್ಪಿದರೂ ಅಷ್ಟು ಜನರ ಬೆವರು ನಾಲೆಯ ಪಾಲು. ಅವಳ ಸ್ವಂತ ಫೋನು ಒಡೆದು ಹೋಗಿ ಗಂಡನದನ್ನು ಹಿಡಿದಿದ್ದಳು. ಹದಿನೈದು ದಿನಗಳಿಂದ ಅದು ಕ್ಯಾಮೆರಾ ತೆರೆಯಲು ಒಂದು ಗಳಿಗೆ, ಫೋಟೋ ಕಳಿಸಲು ಒಂದು ಯುಗ ತೆಗೆದುಕೊಳ್ಳುತ್ತಿತ್ತು. ಎರಡು ಸಲ ಹಾಜರಿ ತಪ್ಪಿತು. ಬಿಸಿಲಲ್ಲಿ ಹೂಳಿನ ಪುಟ್ಟಿ ಹೊತ್ತವರು ಬೈಯದೆ ಬಿಡುತ್ತಾರೆಯೇ? ಪಂಚಾಯಿತಿಯವರೂ ಹೇಳಿಬಿಟ್ಟಿದ್ದರು: ಇನ್ನೊಂದು ಸಲ ತಪ್ಪಿದರೆ ಬೇರೆ ಮೇಟ್. ಆ ಕೆಲಸ ಹೋದರೆ ಕಲಬುರಗಿಯಲ್ಲಿ ಓದುವ ಮಗಳು ರಾಧಿಕಾಳನ್ನು ಮನೆಗೆ ಕರೆತರುವುದೊಂದೇ ದಾರಿ.

"ಆ ಮನಿ ಒಳಗ ಏನ್ ಅದ?" ದ್ರೌಪದಿಯ ದನಿ ಸಣ್ಣಗಾಗಿತ್ತು.

"ಅದ್ ಕಾಣಂಗಿಲ್ಲ. ಆದರ ತುಂಬೇ ಅದ. ಅರ್ಧ ಜಾಗಾ ಅದೇ ತಿಂದದ. ನೀ ಈ ಮನ್ಯಾಗ ದೀಪ ಹಚ್ಚಿದ್ರ ಅಲ್ಲೂ ಉರೀತದ. ಅದಕ್ಕೇ ಇದು ತೆವಳಾಕತ್ತದ."

ಅಣ್ಣಾರಾಯನ ಬಗ್ಗೆ ಒಂದು ಮಾತು ಹೇಳಲೇಬೇಕು. ಆತ ಆಟೋಕ್ಕೆ ಮೈಕು ಕಟ್ಟಿಕೊಂಡು ಊರೂರು ಕೂಗುವವ. ಆಳಂದದ ಸೀರೆ ಅಂಗಡಿಯ ಸೇಲು, ಜೇವರ್ಗಿಯ ಬೀಜದ ಅಂಗಡಿಯ ಹೊಸ ತೊಗರಿ, ಏಪ್ರಿಲ್ ಹದಿನಾಲ್ಕರ ಜಯಂತಿಯ ಮೆರವಣಿಗೆ, ಎಲ್ಲದಕ್ಕೂ ಆತನೇ ಬೇಕು. ಬೇರೆಯವರು ಒಂದು ಸಲ ರೆಕಾರ್ಡು ಮಾಡಿಕೊಂಡು ದಿನವಿಡೀ ಅದನ್ನೇ ತಿರುವುತ್ತಿದ್ದರು. ಈತ ಮಾತ್ರ ಪ್ರತಿ ಓಣಿಯಲ್ಲೂ ಹೊಸದಾಗಿ ಕೂಗುತ್ತಿದ್ದ. "ಮಂದಿ ಮಾರಿ ನೋಡಿ ಮಾತಾಡಬೇಕಲೇ. ರೆಕಾರ್ಡ್ ಹಾಕ್ಕೊಂಡು ತಿರುಗೋದು ಅಂದ್ರ ಗಿಣಿ ಪಂಜರಾ ಹೊತ್ಕೊಂಡು ತಿರುಗಿದಂಗ," ಎನ್ನುತ್ತಿದ್ದ. ಹೀಗಾಗಿ ಮೂರು ತಾಲ್ಲೂಕು ಕೇಳಿದ ದನಿ ಎಲ್ಲೂ ಉಳಿದಿರಲಿಲ್ಲ. ಮನೆಯಲ್ಲಿ ಫೋಟೋ ಇದ್ದವು, ದನಿ ಇರಲಿಲ್ಲ.

ಗಂಟಲಿಗೆ ಹುಣ್ಣಾಯಿತು. ದವಾಖಾನೆಯವರು ಅದರ ಹೆಸರು ಹೇಳಿದರು. ದನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಮಾತು ಬರುವುದಿಲ್ಲ ಎಂದು ಹದಿನೈದು ದಿನದ ಗಡುವು ಕೊಟ್ಟರು. ಆ ಹದಿನೈದು ದಿನ ಅಣ್ಣಾರಾಯ ಸಂಜೆಯಾಯಿತೆಂದರೆ ಫೋನು ಹಿಡಿದು ಭೀಮಾ ಹೊಳೆಯ ದಂಡೆಗೆ ಹೋಗಿಬಿಡುತ್ತಿದ್ದ. ಒಬ್ಬನೇ.

ಒಂದು ದಿನ ಪಕ್ಕದ ಮನೆಯ ಸಾಬವ್ವ ಹೊಳೆಯಿಂದ ಬಟ್ಟೆ ಹೊತ್ತು ಬಂದವಳು ಬಾಗಿಲಲ್ಲೇ ನಿಂತಳು.

"ಏನಬೇ ದ್ರೌಪದಿ, ನಿನ್ನ ಗಂಡಗ ಗಂಟಲ ಬ್ಯಾನಿ ಅಂತಿ. ಹೊಳಿದಂಡಿಗಿ ಕುಂತು ಫೋನಿನ್ಯಾಗ ಯಾರ್ ಜೋಡಿನೋ ಏನ್ ನಗಾಕತ್ತಾನ, ಏನ್ ಮಾತಾಡಾಕತ್ತಾನ! ನನ್ನ ಕಂಡಿದ್ದೇ ತಡ ಬಾಯ್ ಮುಚ್ಚಿದ."

"ಯಾರ್ ಜೋಡಿ ಇರ್ತದಬೇ, ಅವರ ಗೆಳ್ಯಾರ ಜೋಡಿ."

"ಗೆಳ್ಯಾರ ಜೋಡಿ ಮಾತಾಡಿದ್ರ ಕಣ್ಣೀರ್ ಒರಸ್ಕೊಂತಾರೇನು? ನನಗ್ಯಾಕ ಬೇಕು ಬಿಡು ಯವ್ವಾ. ಕಂಡದ್ದು ಹೇಳಿದೆ."

ಸಾಬವ್ವ ಕೆಟ್ಟವಳಲ್ಲ. ಬಾಯಿಗೆ ಅಗುಳಿಯಿಲ್ಲ, ಅಷ್ಟೇ. ಆದರೆ ಆ ಮಾತು ದ್ರೌಪದಿಯ ಒಳಗೆ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು. ಆಪರೇಷನ್ ಆಗಿ, ಕುತ್ತಿಗೆಯ ತೂತಿನಿಂದ ಉಸಿರಾಡುತ್ತ ಮಲಗಿದ್ದವನನ್ನು ಒಂದು ದಿನ ಕೇಳಿಯೇಬಿಟ್ಟಳು: "ಹೊಳಿದಂಡ್ಯಾಗ ಯಾರ್ ಜೋಡಿ ಮಾತಾಡ್ತಿದ್ರಿ?" ಅಣ್ಣಾರಾಯ ನಕ್ಕ. ತಲೆದಿಂಬಿನ ಪಕ್ಕದ ನೋಟುಬುಕ್ಕು ಎಳೆದುಕೊಂಡು ಬರೆದ: ಆಮ್ಯಾಲ ಗೊತ್ತಾಗ್ತದ. ಆ ನಗೆ ಅವಳಿಗೆ ಇನ್ನೊಂದು ಮುಳ್ಳಾಯಿತು. ಮತ್ತೆ ಕೇಳಲಿಲ್ಲ.

ಕಡೆಯ ಎರಡು ದಿನ ಆತನಿಗೆ ಪೆನ್ನು ಹಿಡಿಯಲೂ ತ್ರಾಣವಿರಲಿಲ್ಲ. ಆದರೂ ಫೋನನ್ನು ಎದೆಯ ಮೇಲಿಟ್ಟುಕೊಂಡು ಅವಳ ಕೈಯನ್ನು ಅದರತ್ತ ಎಳೆಯುತ್ತಿದ್ದ. ಬಿಡುತ್ತಿದ್ದ, ಮತ್ತೆ ಎಳೆಯುತ್ತಿದ್ದ. ಅವಳಿಗೆ ಸಿಟ್ಟು ಬಂತು. "ಸಾಕ್ರಿ, ಈಗರೆ ಆ ಫೋನ್ ಬಿಡ್ರಿ," ಎಂದು ಕಸಿದು ಸ್ಟೂಲಿನ ಮೇಲೆ ಬೋರಲಾಗಿ ಇಟ್ಟಳು. ಅಣ್ಣಾರಾಯ ಅವಳನ್ನೇ ನೋಡಿದ. ಆಮೇಲೆ ಗೋಡೆಯ ಕಡೆ ಹೊರಳಿದ.

ಇಷ್ಟು ಕಥೆ ಒಳಗಿಟ್ಟುಕೊಂಡು ಅವಳು ಮೆಹನಾಜಳ ಎದುರು ನಿಂತಿದ್ದಳು.

"ನಿನ್ನ ಬೆರಳರೆ ಇಟ್ಟು ನೋಡಕ್ಕಾ," ಎಂದಳು ಮೆಹನಾಜ. "ಐದು ಸಲ ತಪ್ಪಿದ್ರ ಮುಚ್ಕೋತದ, ಆಮ್ಯಾಲ ನಂಬರೇ ಒತ್ತಬೇಕು, ಹುಷಾರ್."

"ನಂದ್ಯಾಕ ಇಟ್ಟಿರ್ತಾನವ?" ಎನ್ನುತ್ತಲೇ ದ್ರೌಪದಿ ಫೋನಿನ ಬೆನ್ನ ಮೇಲಿನ ಗುಂಡು ಗುರುತಿಗೆ ಬಲಗೈ ಹೆಬ್ಬೆರಳು ಒತ್ತಿದಳು. ಫೋನು ಗುರ್ ಎಂದಿತು. ತೋರುಬೆರಳು. ಗುರ್. ಎಡಗೈ ಹೆಬ್ಬೆರಳು, ಅದರ ತೋರುಬೆರಳು. ಸೆರಗಿಗೆ ಒರೆಸಿಕೊಂಡು ಮತ್ತೆ ಬಲಗೈ ಹೆಬ್ಬೆರಳು. ಅಲ್ಲಿಗೆ ಐದಾಯಿತು.

ಮೆಹನಾಜ ಅವಳ ಅಂಗೈ ಹಿಡಿದು ಬೆಳಕಿಗೆ ಒಡ್ಡಿದಳು. "ಗೆರಿನೇ ಉಳಿದಿಲ್ಲಲ್ಲಕ್ಕಾ. ಕಲ್ಲು ಮಣ್ಣು ಎಲ್ಲಾ ತಿಂದ್ಹಾಕ್ಯಾವ."

ಲಗ್ನದ ವರ್ಷ, ಮಗಳು ಹುಟ್ಟಿದ ತಾರೀಖು, ಆಟೋದ ನಂಬರು, ಎಲ್ಲವನ್ನೂ ಒತ್ತಿ ನೋಡಿದರು. ಆ ಮನೆ ತೆರೆಯಲಿಲ್ಲ.

"ಈಗ ಒಂದೇ ದಾರಿ. ಪೂರಾ ಅಳಿಸಿ ಸಾದಾ ಆಂಡ್ರಾಯ್ಡ್ ಹಾಕೋದು. ಈ ಮನಿದು ಫೋಟೋ, ನಂಬರ್ ತೆಗೆದಿಟ್ಟು ತಿರುಗಿ ಹಾಕ್ತೀನಿ. ಆ ಮನಿದು ಹೋಗ್ತದ. ಫೋನ್ ಹಾರ್ತದ ನೋಡು ಆಮ್ಯಾಲ. ಆದರ ಬೀಸಿದ ಹಿಟ್ಟು ತಿರುಗಿ ಜ್ವಾಳ ಆಗಂಗಿಲ್ಲಕ್ಕಾ. ಮೊದ್ಲೇ ಹೇಳ್ತೀನಿ."

ಮೂಲೆಯಿಂದ ಬುರಾನುದ್ದೀನ ಕಾಕಾ ಕಣ್ಣಿನ ಮೇಲಿನ ಭೂತಗನ್ನಡಿ ಸರಿಸಿದ. "ಬೇಟಿ, ಜರಾ ತಡಿ. ಅಣ್ಣಾರಾಯನ ಆಂಪ್ಲಿಫೈಯರ್ ಮೂರು ಸಲ ರಿಪೇರಿ ಮಾಡೀನಿ ನಾನು. ಟೆಸ್ಟಿಂಗ್ ಅಂತ ಈ ಕಟ್ಟಿ ಮ್ಯಾಲ ನಿಂತು ಕೂಗಿದ್ರ ಬಸ್ಸಿನ್ಯಾಗ ಕುಂತವರು ಇಳಿದು ಬರ್ತಿದ್ರು. ಅಂಥಾ ಮನಷ್ಯಾ ಸುಮ್ಮನ ಏನೂ ಇಟ್ಟಿರಂಗಿಲ್ಲ. ನಾಕು ದಿನ ನೋಡು. ಬೆರಳು ಅಂದಮ್ಯಾಲ ಯಾರದರೇ ಇರಲೇಬೇಕಲ್ಲ?"

"ಯಾರದರೇ ಇರ್ತದರಿ ಕಾಕಾ," ಎಂದಳು ದ್ರೌಪದಿ. "ಆ ಬೆರಳಿನಾಕಿನ್ನ ಹುಡುಕ್ಕೊಂತ ಹೋಗು ಅಂತೀರೇನು?"

ಕಾಕಾ ಭೂತಗನ್ನಡಿಯನ್ನು ಮತ್ತೆ ಕಣ್ಣಿಗೆ ಇಳಿಸಿಕೊಂಡ.

ಹೊರಗೆ ಕಲಬುರಗಿಯ ಬಸ್ಸು ಬಂದು ನಿಂತಿತು, ಹೋಯಿತು. ಒಳಗೆ ಏನಿದೆಯೆಂದು ತಿಳಿಯದಿದ್ದರೆ ಅದು ಸಾಬವ್ವನ ಬಾಯಿಮಾತು. ತಿಳಿದರೆ ಒಬ್ಬಳ ಮುಖ, ಹೆಸರು, ನಗು. ಇಪ್ಪತ್ತು ವರ್ಷ ಕಟ್ಟಿಕೊಂಡು ಬಾಳಿದವನನ್ನು ಸತ್ತ ಮೇಲೆ ಇನ್ನೊಮ್ಮೆ ಕಳೆದುಕೊಳ್ಳುವುದಕ್ಕಿಂತ ಬೀಗ ಬಿದ್ದ ಮನೆ ಬೀಗ ಬಿದ್ದಂತೆಯೇ ಹೋಗಲಿ ಎಂದು ದ್ರೌಪದಿಗೆ ಎನಿಸಿತು. ನಾಳೆ ಏಳು ಗಂಟೆಗೆ ನಲವತ್ತು ಜನ ನಾಲೆಯ ದಂಡೆಯಲ್ಲಿ ಸಾಲಾಗಿ ನಿಂತಿರುತ್ತಾರೆ.

"ಅಳಿಸಿಬಿಡಬೇ," ಎಂದಳು.

ಮೆಹನಾಜ ವೈರು ಚುಚ್ಚಿದಳು. ಪರದೆಯ ಮೇಲೆ ಒಂದು ಸಣ್ಣ ಗೆರೆ ಎಡದಿಂದ ಬಲಕ್ಕೆ ತುಂಬುತ್ತ ಹೋಯಿತು. ಒಂದು ಚಹಾ ಕುಡಿಯುವಷ್ಟು ಹೊತ್ತು. ಕಾಕಾ ತರಿಸಿದ ಚಹಾ ದ್ರೌಪದಿಯ ಕೈಯಲ್ಲೇ ಕೆನೆಗಟ್ಟಿತು.

ಮರುದಿನ ಫೋನು ನಿಜಕ್ಕೂ ಹಾರಿತು. ಸಾಲು ನಿಲ್ಲಿಸಿದಳು, ಒತ್ತಿದಳು, ಕಳಿಸಿದಳು. ಹಸಿರು ಗುರುತು ಬಿತ್ತು. ಸಾಬವ್ವ ಪುಟ್ಟಿ ಕೆಳಗಿಟ್ಟು ಕೈ ಚಪ್ಪಳಿಸಿದಳು.

"ಏನ್ ಕುಡಿಸಿದಿಬೇ ಅದಕ್ಕ? ನಿನ್ನೆ ತನಾ ಬಸುರಿ ಎಮ್ಮಿ ಇದ್ದಂಗ ಇತ್ತು!"

"ಒಳಗಿನ ಕಸ ತೆಗಿಸೀನಿ," ಎಂದಳು ದ್ರೌಪದಿ. ಸಾಲಿನಲ್ಲಿದ್ದವರು ನಕ್ಕರು. ಅವಳೂ ನಕ್ಕಳು. ಆ ವಾರ ಒಂದು ಹಾಜರಿಯೂ ತಪ್ಪಲಿಲ್ಲ.

ಮುಂದಿನ ವಾರ ರೇಷನ್ ಬಂತು. ಅಣ್ಣಾರಾಯ ಹಾಸಿಗೆ ಹಿಡಿದಾಗಿನಿಂದ ರಾಧಿಕಾಳೇ ಊರಿಗೆ ಬಂದಾಗ ಹೋಗಿ ಬೆರಳು ಒತ್ತಿ ತರುತ್ತಿದ್ದಳು. ಈಗ ಅವಳಿಗೆ ಪರೀಕ್ಷೆ. ದ್ರೌಪದಿಯೇ ಚೀಲ ಹಿಡಿದು ಹೋಗಿ ಪಾಳಿಯಲ್ಲಿ ನಿಂತಳು. ಅಂಗಡಿಯ ಜಗದೇವಪ್ಪ ಮಷೀನು ಅವಳತ್ತ ತಿರುಗಿಸಿದ.

ಹೆಬ್ಬೆರಳು ಇಟ್ಟಳು. ಕೆಂಪು ದೀಪ.

"ಒರಸಿ ಇಡಬೇ ಯವ್ವಾ."

ಮತ್ತೆ ಕೆಂಪು. ಮೂರನೆಯ ಸಲವೂ ಕೆಂಪು. ಪಾಳಿಯಲ್ಲಿ ಗೊಣಗಾಟ ಎದ್ದಿತು. ಜಗದೇವಪ್ಪ ತಲೆ ಕೆರೆದುಕೊಂಡ. ಆಮೇಲೆ ಏನೋ ನೆನಪಾಗಿ ನಕ್ಕ.

"ಅಲ್ಲಬೇ, ನಿಂದು ಹೆಬ್ಬಟ್ಟು ಎಂದ್ ಮಷೀನಿಗಿ ಹತ್ತ್ಯದ? ನಿಂದು ಎಡಗೈದು ಕಿರಿಬೆರಳಲ್ಲ? ಅಣ್ಣಾರಾಯ ನಿನ್ನ ಕಿರಿಬೆರಳು ಹಿಡಕೊಂಡೇ ಬರ್ತಿದ್ದ. 'ಮಹಾಜನರೇ, ದಾರಿ ಬಿಡ್ರಿ, ಮಣ್ಣೂರಿನ ಏಕಮೇವ ಕಿರಿಬೆರಳು ಬರಾಕತ್ತದ' ಅಂತ ಕೂಗಿ ಪಾಳಿ ಎಲ್ಲಾ ನಗಸ್ತಿದ್ದ. ಮರತೇನು?"

ಹಿಂದೆ ನಿಂತ ಒಬ್ಬಿಬ್ಬರು ನಕ್ಕರು. ದ್ರೌಪದಿ ಎಡಗೈ ಎತ್ತಿ ಕಿರಿಬೆರಳನ್ನು ಗಾಜಿನ ಮೇಲಿಟ್ಟಳು.

ಹಸಿರು ದೀಪ ಬಂತು.

ಅವಳು ಬೆರಳು ತೆಗೆಯಲಿಲ್ಲ. ಆಪರೇಷನ್ನಿಗೆ ಹೊರಟ ದಿನದ ಬಸ್ಸು ಕಣ್ಣೆದುರು ಬಂತು. ಕಿಟಕಿಯ ಪಕ್ಕ ಅಣ್ಣಾರಾಯ. ಅವಳ ಎಡಗೈಯನ್ನು ತೊಡೆಯ ಮೇಲೆ ಎಳೆದುಕೊಂಡು, ಕಿರಿಬೆರಳನ್ನು ಫೋನಿನ ಬೆನ್ನಿಗೆ ಒತ್ತುತ್ತಿದ್ದ, ಎತ್ತುತ್ತಿದ್ದ, ಒತ್ತುತ್ತಿದ್ದ, ಎತ್ತುತ್ತಿದ್ದ. ಕಣ್ಣು ಮಾತ್ರ ಫೋನಿನ ಮೇಲೆ. ಆಪರೇಷನ್ನಿನ ಅಂಜಿಕೆಗೆ ಮಕ್ಕಳಂತೆ ಆಡುತ್ತಿದ್ದಾನೆ ಎಂದು ಅವಳು ಕೈ ಬಿಟ್ಟುಕೊಟ್ಟು ಅವನ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದಳು. ಆಗಿನ್ನೂ ಅವನಿಗೆ ಮಾತು ಬರುತ್ತಿತ್ತು. ಹೊಳೆದಂಡೆಯಲ್ಲಿ ಫೋನಿಗೆ ಆಡಿಟ್ಟ ಮಾತಿಗೆಲ್ಲ ಕೀಲಿಯಾಗಿದ್ದುದು ಈ ಬೆರಳು.

"ಆತು ಯವ್ವಾ, ತಗಿ ಬೆರಳು. ಹಿಂದ ಮಂದಿ ಅದಾರ."

ದ್ರೌಪದಿ ಪಕ್ಕಕ್ಕೆ ಸರಿದಳು. ತಕ್ಕಡಿಯ ಹತ್ತಿರದ ಮೆಟ್ಟಿಲ ಮೇಲೆ ಕುಕ್ಕರಿಸಿ, ಕುಪ್ಪಸದಿಂದ ಫೋನು ತೆಗೆದು ಬೋರಲು ಮಾಡಿ ಬಲ ಅಂಗೈಯಲ್ಲಿಟ್ಟುಕೊಂಡಳು. ಕಿರಿಬೆರಳನ್ನು ಗುಂಡು ಗುರುತಿಗೆ ಒತ್ತಿದಳು. ಅಳಿಸಿದ ಫೋನು ಗುರ್ ಎನ್ನಲೂ ಇಲ್ಲ. ಎತ್ತಿದಳು. ಒತ್ತಿದಳು. ಎತ್ತಿದಳು.

"ಯವ್ವಾ, ಚೀಲ ಹಿಡಿ," ಎಂದ ಜಗದೇವಪ್ಪ, ಅಕ್ಕಿಯ ಡಬ್ಬಿ ಎತ್ತಿ ನಿಂತು.

ಅವಳು ಫೋನನ್ನು ಎಡಗೈಗೆ ದಾಟಿಸಿ ಬಲಗೈಯಿಂದ ಚೀಲದ ಬಾಯಿ ಅಗಲಿಸಿದಳು. ಅಕ್ಕಿ ಸುರಿಯತೊಡಗಿತು. ಎಡಗೈಯ ಕಿರಿಬೆರಳು ಫೋನಿನ ಬೆನ್ನ ಮೇಲೆ ಹಾಗೆಯೇ ಇತ್ತು.