ಯಂತ್ರಕ್ಕೆ ತೋರಿಸಿದ ಬೇಳೆ

"ಹಿಂದ ಸರೀ ರಂಡೆ, ನಿನ್ನ ನೆಳ್ಳ ಬೀಳ್ತದ ಅದರ ಮ್ಯಾಲ!"

ಕೂಲಿಗಳ ಮೇಲ್ವಿಚಾರಣೆಯ ಮುಕಾದಮ ಚಂದ್ರಶಾ ಪುತಳಾಬಾಯಿಯ ಮೊಣಕೈ ಹಿಡಿದು ಎಳೆದ. ಯಂತ್ರಕ್ಕೆ ಕುಂಕುಮ ಹಚ್ಚುತ್ತಿದ್ದ ಅಯ್ಯನವರು ಕೈ ತಡೆದರು. ನೆರಳು ಸರಿದ ಮೇಲೆ ಮಂತ್ರವನ್ನು ಮೊದಲಿನಿಂದ ಶುರುಮಾಡಿದರು.

ಎರಡು ಸಾವಿರದ ಎರಡನೇ ಇಸವಿಯ ಬೇಸಿಗೆ. ನಂದೂರಿನ ಆ ಬೇಳೆ ಗಿರಣಿಯಲ್ಲಿ ನಲವತ್ತು ಹೆಂಗಸರು ಗೋಡೆಗೆ ಆತು ನಿಂತಿದ್ದರು. ತೊಗರಿಬೇಳೆಯಲ್ಲಿ ಕಲ್ಲು, ಹುಳುಕು ಆರಿಸುವ ಅವರ ಕೈಗಳಿಗೆ ಅವತ್ತು ಕೆಲಸವಿರಲಿಲ್ಲ. ಎದುರಿಗಿದ್ದ ಆಳೆತ್ತರದ ಪೆಟ್ಟಿಗೆಯ ಎದೆಯಲ್ಲಿ ಒಂದು ಗಾಜಿನ ಕಣ್ಣು. ಬೇಳೆ ಅದರ ಮುಂದೆ ಸುರಿಯುವಾಗ ಕೆಟ್ಟ ಕಾಳು ಕಂಡರೆ ಗಾಳಿ ಊದಿ ಆಚೆ ಹಾರಿಸುತ್ತದಂತೆ.

"ಖರೇನೇ ನೋಡ್ತದೇನ ಅದು?" ಚಾಂದಬಿ ಪಿಸುಗುಟ್ಟಿದಳು.

"ನೋಡ್ಲಿ ಬಿಡು. ಚಂದ್ರಶಾನ ಕಣ್ಣ ಎಂದಾರ ಬ್ಯಾಳಿ ಮ್ಯಾಲ ಇತ್ತೇನು?" ಎಂದಳು ಶೇವಂತಾ. ನಗೆ ಯಾರ ಗಂಟಲನ್ನೂ ದಾಟಲಿಲ್ಲ.

ಯಂತ್ರದ ಜೊತೆ ಬಂದಿದ್ದ ಇಂಜಿನಿಯರ್ ಎರಡು ತಟ್ಟೆ ತಂದಿಟ್ಟ. "ಇದಿನ್ನೂ ಹಸುಗೂಸಮ್ಮ. ಚೆನ್ನಾಗಿ ಆರಿಸುವವರು ಒಂದು ತಟ್ಟೆ ಒಳ್ಳೇದು, ಒಂದು ತಟ್ಟೆ ಕೆಟ್ಟದ್ದು ಮಾಡಿಕೊಡಿ. ನೋಡಿ ಕಲಿಯುತ್ತೆ."

"ಕಲ್ತದ್ದು ಮರೀತದೇನ್ರೀ?" ಪುತಳಾಬಾಯಿ ಕೇಳಿದಳು.

"ಮರೆಯಲ್ಲ. ನಿದ್ದೆ ಇಲ್ಲ, ಬೇಸರ ಇಲ್ಲ. ನೀವು ಹೇಳಿದ್ದೇ ಕೊನೆ."

ಆ ಮಾತನ್ನು ಅವಳು ಮನಸ್ಸಿನಲ್ಲೇ ತೂಗಿದಳು. ಕೈಯಿಂದಾದ ತಪ್ಪು ಹೊತ್ತು ಮುಳುಗುವಾಗ ಮುಗಿಯುತ್ತದೆ, ದೇವರ ಮುಂದೆ ಗಲ್ಲ ಬಡಿದುಕೊಂಡರೆ ಮನಸ್ಸು ಹಗುರಾಗುತ್ತದೆ. ಇದಕ್ಕೆ ಕಲಿಸಿದ ತಪ್ಪು ಅವಳು ಸತ್ತ ಮೇಲೂ ನಡೆಯುತ್ತಿರುತ್ತದೆ.

ಇಂಜಿನಿಯರ್ ತಂತಿ ಜೋಡಿಸಲು ಹಿಂದಕ್ಕೆ ಹೋದ. ಮಾಲೀಕ ಗುರುಲಿಂಗಪ್ಪ ಹಣೆಯ ವಿಭೂತಿ ಒರೆಸಿಕೊಳ್ಳುತ್ತ ಅವಳ ಹತ್ತಿರ ಬಾಗಿದ.

"ಪುತಳಾ, ನಲವತ್ತು ಮಂದ್ಯಾಗ ನಿನ್ನೊಬ್ಬಾಕಿನ್ನ ಇಟ್ಕೋತೀನಿ. ಕಲ್ಲು ತಗಿ, ಹುಳುಕು ತಗಿ. ಲಾಖಿಗಿ ಮಾತ್ರ ಕೈ ಹಚ್ಚಬ್ಯಾಡ. ಅದು ಚೊಲೋ ತಟ್ಯಾಗೇ ಇರ್ಲಿ."

ಅವಳು ಒಂದು ಮುಷ್ಟಿ ಬೇಳೆ ಎತ್ತಿದಳು. ಕಣ್ಣು ಬೇಕಿರಲಿಲ್ಲ, ಹೆಬ್ಬೆರಳೇ ಹೇಳಿತು. ತೊಗರಿ ದುಂಡು; ಅದರಲ್ಲಿ ಬೆರೆಸುವ ಅಗ್ಗದ ಕೇಸರಿಬೇಳೆ, ಲಾಖು, ಓರೆ, ಕೊಡಲಿಬಾಯಿಯ ಹಾಗೆ. ಎಣ್ಣೆ ಹಚ್ಚಿದ ಮೇಲೆ ಎರಡರ ಬಣ್ಣವೂ ಒಂದೇ. ಮುಷ್ಟಿಯ ಕಾಲುಭಾಗ ಲಾಖೇ ಇತ್ತು.

ಕಮಲಾಪುರದ ಬಾಳೆತೋಟದಲ್ಲಿ ದುಡಿಯುವಾಗ ಅವಳ ಅಣ್ಣ ಮಲ್ಕಪ್ಪನಿಗೆ ಕೂಲಿಯೆಂದು ಲಾಖನ್ನೇ ಅಳೆದು ಕೊಡುತ್ತಿದ್ದರು. ಎರಡು ಬೇಸಿಗೆ ಅದನ್ನೇ ಉಂಡ. ಒಂದು ಬೆಳಿಗ್ಗೆ ಬಾವಿಕಟ್ಟೆಯಿಂದ ಏಳಲು ಹೋದರೆ ಮೊಣಕಾಲು ಕತ್ತರಿಯಂತೆ ಒಂದರ ಮೇಲೊಂದು ಹಾಯ್ದವು. ಈಗಲೂ ಅವನು ಅಂಗೈಗೆ ಹಳೇ ಚಪ್ಪಲಿ ಕಟ್ಟಿಕೊಂಡು ಅಂಗಳ ದಾಟುತ್ತಾನೆ.

"ಸಾವಕಾರ್ರ, ಈ ಮಾಲು ಎಲ್ಲಿಗಿ ಹೋಗ್ತದ್ರೀ?"

"ಹಾಸ್ಟೆಲ್ಲಿಗಿ. ದಿಕ್ಕಿಲ್ಲದ ಪರದೇಶಿ ಹುಡುಗೂರು, ಹಾಕಿದ್ದು ಉಣತಾವ."

"ದಿನಾ ಉಂಡ್ರ ಕಾಲ ಹೋಗ್ತಾವ್ರೀ."

"ಹೋದ್ರ ನಿಂಗ್ಯಾರ ಕೇಳ್ತಾರ, ನಂಗ್ಯಾರ ಕೇಳ್ತಾರ? ಯಂತ್ರ ಆರಿಸ್ಯಾದ ಅಂತೀನಿ. ಹೋಗಿ ಅದನ್ನ ಹಿಡೀರಿ ಅಂತೀನಿ." ಅವನು ಹಲ್ಲು ಬಿಟ್ಟ. "ಜಲ್ದಿ ಕೂಡು."

"ಎಪ್ಪಾ ಶರಣಬಸಪ್ಪಾ," ಎಂದು ಅವಳು ಕೂತಳು. ಸೀರೆ ಬೆವರಿಗೆ ಬೆನ್ನಿಗಂಟಿತ್ತು. ಗಾಜಿನ ಕಣ್ಣು ತನ್ನ ಬೆರಳುಗಳನ್ನೇ ನೋಡುತ್ತಿದೆ ಅನ್ನಿಸಿತು. ಕಲ್ಲು ಎಡಕ್ಕೆ, ಕೆಟ್ಟ ತಟ್ಟೆಗೆ ಹೋಯಿತು. ಹುಳುಕು ಎಡಕ್ಕೆ ಹೋಯಿತು. ಹೆಬ್ಬೆರಳಿಗೆ ಓರೆಕಾಳು ಸಿಕ್ಕಿತು. ಅದನ್ನೂ ಎಡಕ್ಕೆ ಹಾಕಿದಳು. ಇನ್ನೊಂದು. ಮತ್ತೊಂದು.

ಇಂಜಿನಿಯರ್ ಎರಡೂ ತಟ್ಟೆಗಳನ್ನು ಯಂತ್ರಕ್ಕೆ ತೋರಿಸಿ, ಮೂಟೆ ಸುರಿದು ಗುಂಡಿ ಒತ್ತಿದ. ಟಪಟಪ ಗಾಳಿ ಹೊಡೆಯಿತು. ಲಾಖು ಹಾರಿತು. ತೊಗರಿಯೂ ಹಾರಿತು. ಒಳ್ಳೆಯ ಬೇಳೆ ಬೀಳಬೇಕಾದ ಡಬ್ಬಿ ಖಾಲಿ ಉಳಿಯಿತು.

"ಕೆಟ್ಟ ತಟ್ಟೆಯಲ್ಲೂ ಇದೇ ಬಣ್ಣದ ಕಾಳು ಹಾಕಿದ್ದೀರಲ್ಲಮ್ಮ! ಇದಕ್ಕೆ ಬಣ್ಣ ಬಿಟ್ಟರೆ ಬೇರೇನೂ ಕಾಣಲ್ಲ."

"ಅದು ತೊಗರಿ ಅಲ್ರೀ ಸಾಹೇಬ್ರ. ಲಾಖು. ಕಾಲ ತಗೋತದ." ಅವಳ ದನಿ ಗೋಡೆಗೆ ಆತು ನಿಂತವರಿಗೂ ಕೇಳಿಸಿತು.

ಇಂಜಿನಿಯರ್ ಮಾಲೀಕನ ಮುಖ ನೋಡಿದ. ಆಮೇಲೆ ತಲೆ ತಗ್ಗಿಸಿ ಕಾಗದ ಮಡಚತೊಡಗಿದ.

ಗುರುಲಿಂಗಪ್ಪ ತಟ್ಟೆಗಳನ್ನು ಒದ್ದ. "ಹಲ್ಕಟ್ ಸೂಳೆ! ಚಂದ್ರಶಾ, ಬಾಗಿಲ ಹಾಕು. ಏ ಚಾಂದಬೀ, ನೀ ಕೂಡು. ಇಕೀಗಿ ಆದದ್ದು ನೋಡೀಯಲ್ಲ?"

ಚಂದ್ರಶಾ ಪುತಳಾಬಾಯಿಯನ್ನು ಮೂಲೆಗೆ ನೂಕಿ ಅಗಳಿ ಜಡಿದ. ಚಾಂದಬಿ ತಟ್ಟೆಗಳನ್ನು ಜೋಡಿಸಿಕೊಂಡು ಕೂತಳು. ಅವಳ ಮನೆಯಲ್ಲಿ ದುಡಿಯುವ ಕೈ ಅವಳದೊಂದೇ. ಪುತಳಾಬಾಯಿಗೆ ಅವಳ ಮುಖ ನೋಡಲು ಧೈರ್ಯವಾಗಲಿಲ್ಲ.

ಕಲ್ಲು ಎಡಕ್ಕೆ ಬಿತ್ತು. ಹುಳುಕು ಎಡಕ್ಕೆ ಬಿತ್ತು. ಓರೆಕಾಳು ಹಿಡಿದ ಕೈ ಗಾಳಿಯಲ್ಲಿ ಒಂದಷ್ಟು ಹೊತ್ತು ನಿಂತು, "ಯಾ ಅಲ್ಲಾ" ಎಂಬ ಉಸಿರಿನ ಜೊತೆ ಎಡಕ್ಕೇ ಇಳಿಯಿತು.

ಗುರುಲಿಂಗಪ್ಪ ಅವಳ ತುರುಬಿಗೆ ಕೈಹಾಕಿ ಎಳೆದ. ತಟ್ಟೆಯ ಮುಂದೆ ಜಾಗ ತೆರವಾಯಿತು.

ಯಾರೂ ಕರೆಯದೆ ಶೇವಂತಾ ಗೋಡೆ ಬಿಟ್ಟು ಬಂದಳು. ತಲೆ ಮೇಲೆ ಸೆರಗೆಳೆದುಕೊಂಡು ಆ ಜಾಗದಲ್ಲಿ ಕೂತು, ಕೈಗೆ ಸಿಕ್ಕ ಓರೆಕಾಳನ್ನು ಎಡಕ್ಕೆ ಹಾಕಿದಳು.