ಎಡೆಗೆ ತಂದ ಬಾಟಲಿ

ಅರುಣಕುಮಾರಿಯ ಬೆರಳ ಸಂದಿಯಿಂದ ಚಿಮ್ಮಿದ ಅವರೆಬೇಳೆ ಹೋಗಿ ಸುಮಲತಳ ಕೆನ್ನೆಗೆ ಅಂಟಿಕೊಂಡಿತು.

"ಒಸಿ ನಿಧಾನಕ್ಕೆ ಇಸುಕಕ್ಕ! ಕಾಳೇನು ಎದ್ದು ಓಡೋಗಲ್ಲ" ಎಂದು ಓರಗಿತ್ತಿ ಕೆನ್ನೆ ಒರೆಸಿಕೊಂಡಳು.

ಅರುಣಕುಮಾರಿಗೂ ನಗು ಬಂತು. ಬೆಳಗಿನಿಂದ ನೆನೆದ ಕಾಳು ಹಿಸುಕುತ್ತಿದ್ದರೂ ಬೇಳೆ ಪಾತ್ರೆಗಿಂತ ನೆಲದ ಮೇಲೆ ಹೆಚ್ಚಿತ್ತು. ಮಲೇಷ್ಯಾದ ಹೆಂಗಸೊಬ್ಬಳು ಶ್ರೀಧರನ ಸಮಾಧಿಗೆ ಕೈಮುಗಿಯಲು ಸಮುದ್ರ ದಾಟಿ ಎರಡನೇ ಸಲ ಬರುತ್ತಿದ್ದಾಳೆಂದರೆ ಯಾವ ಕೈ ತಾನೇ ಹೇಳಿದ ಮಾತು ಕೇಳೀತು?

ಶ್ರೀಧರ್ ಅವಳ ಗಂಡ. ತಮಿಳು ಸಿನಿಮಾಗಳಲ್ಲಿ ಕುಡುಕನ ವೇಷ ಹಾಕಿಯೇ ಹೆಸರಾದವನು. ಬಂಗಾರಪೇಟೆಯಲ್ಲಿ ಮದ್ರಾಸಿನ ರೈಲು ಹತ್ತಿದನೆಂದರೆ ತಿಂಗಳುಗಟ್ಟಲೆ ಪತ್ತೆಯಿಲ್ಲ. ತೀರಿಕೊಂಡ ಮೇಲೆ ಮಾತ್ರ ಕ್ಯಾಸಂಬಳ್ಳಿ ಪಕ್ಕದ ಈ ಊರಿಗೇ ತಂದು, ಸ್ವಂತ ಹೊಲದಲ್ಲಿ ಮಣ್ಣು ಮಾಡಿದ್ದರು. ಹೋದ ವರ್ಷ ಆ ಅಭಿಮಾನಿ ಬಂದಾಗ ಅರುಣಕುಮಾರಿ ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನ ತವರಿನಲ್ಲಿ ಜ್ವರ ಬಂದು ಮಲಗಿದ್ದಳು. "ಅಣ್ಣನ ಮನೆಯವರನ್ನು ನೋಡದೆ ಹೋಗೋದು ಹೇಗೆ, ಮತ್ತೆ ಬರ್ತೀನಿ" ಅಂದು ಹೋದವಳು, ಇವತ್ತು ವರ್ಷದ ಎಡೆಯ ದಿನಕ್ಕೆ ಸರಿಯಾಗಿ ಬರುತ್ತಿದ್ದಳು.

ಮೈದುನ ವೇಣುವಿನ ಆಟೋ ಅಂಗಳದಲ್ಲಿ ನಿಂತಿತು. ಇಳಿದ ಇಂದ್ರಾಣಿ ದಪ್ಪಗೆ, ಗುಂಗುರು ಕೂದಲಿನಲ್ಲಿ, ಅರುಣಕುಮಾರಿಯ ವಯಸ್ಸಿನವಳೇ ಆಗಿದ್ದಳು. "ಅಕ್ಕಾ!" ಎಂದು ಓಡಿಬಂದು, ಅವರೆಯ ಜಿಡ್ಡು ಹತ್ತಿದ ಕೈಗಳನ್ನು ಹಾಗೆಯೇ ಹಿಡಿದುಕೊಂಡಳು. ಅವಳದು ತಮಿಳು. ರೀಫ್ಸ್‌ನಲ್ಲಿ ಬೆಳೆದ ಅರುಣಕುಮಾರಿಗೆ ನೆರೆಹೊರೆಯ ಆ ಮಾತೇನು ಹೊಸದಲ್ಲ. ಐದೇ ನಿಮಿಷಕ್ಕೆ ಇಬ್ಬರೂ ಒಂದೇ ಬೀದಿಯಲ್ಲಿ ಹುಟ್ಟಿದವರಂತೆ ಹರಟತೊಡಗಿದರು. ಬೇಲಿಯಾಚೆ ಅರ್ಧ ಊರೇ ನೆರೆದಿತ್ತು.

"ನೋಡಕ್ಕಾ, ಅಣ್ಣನಿಗೆ ಏನು ತಂದಿದ್ದೀನಿ" ಎಂದು ಇಂದ್ರಾಣಿ ಚೀಲದಿಂದ ತೆಗೆದಳು. ಹೊಳೆಯುವ ಡಬ್ಬದಲ್ಲಿ ವಿಲಾಯತಿ ವಿಸ್ಕಿ. "ಸತ್ತವರಿಗೆ ಇಷ್ಟವಾಗಿದ್ದನ್ನೇ ಎಡೆಗೆ ಇಡಬೇಕು ಅಂತ ವೇಣು ಹೇಳಿದ್ರು. ಏರ್‌ಪೋರ್ಟಿನಲ್ಲಿ ಹುಡುಕಿ ಹುಡುಕಿ ತಂದೆ."

ಅರುಣಕುಮಾರಿ ವೇಣುವಿನ ಕಡೆ ತಿರುಗಿದಳು. ಅವನು ಆಟೋದ ಕನ್ನಡಿ ಒರೆಸುವುದರಲ್ಲಿ ಮುಳುಗಿಹೋಗಿದ್ದ.

ಶ್ರೀಧರ್ ಹೆಂಡ ಮುಟ್ಟಿದವನೇ ಅಲ್ಲ. ವಾಸನೆಗೇ ಮೂಗು ಮುಚ್ಚಿಕೊಳ್ಳುತ್ತಿದ್ದ. ಶೂಟಿಂಗಿನಿಂದ ಬಂದವನು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದುದು ಮಜ್ಜಿಗೆ, ಅದೂ ಶುಂಠಿ ಜಜ್ಜಿ ಹಾಕಿದ್ದು. ಆದರೆ ಸಿನಿಮಾ ನೋಡಿದ ಊರು ಅವನನ್ನು ಕುಡುಕನೆಂದೇ ನಂಬಿತ್ತು. ಎಡೆಯ ದಿನ ಒಬ್ಬೊಬ್ಬರು ಒಂದೊಂದು ಬಾಟಲಿ ತರುತ್ತಿದ್ದರು. ನಾಲ್ಕು ಹನಿ ಮಣ್ಣಿಗೆ, ಉಳಿದದ್ದು ತಮ್ಮ ಗಂಟಲಿಗೆ. ಮನೆಯ ಹೆಂಗಸರು ಸಮಾಧಿಗೆ ಹೋಗುವಂತಿಲ್ಲವಾದ್ದರಿಂದ, ಅವಳು ಮಾಡಿಕೊಟ್ಟದ್ದರಲ್ಲಿ ಯಾವುದು ಅವನ ಮುಂದೆ ಹೋಯಿತು, ಯಾವುದು ಹೋಗಲಿಲ್ಲ ಎಂಬುದೇ ಅವಳಿಗೆ ಗೊತ್ತಾಗುತ್ತಿರಲಿಲ್ಲ.

ಅವಳು ವೇಣುವನ್ನು ಹಿತ್ತಲಿಗೆ ಕರೆದಳು. "ಏನ್ಲಾ ಇದು? ನಿಮ್ಮಣ್ಣ ಯಾವತ್ಲಾ ಕುಡ್ದಿದ್ದ?"

"ಬಿಡತ್ಗೆಮ್ಮ, ಅಷ್ಟು ದೂರದಿಂದ ಒತ್ಕಂಡ್ ಬಂದವ್ರೆ, ಬ್ಯಾಡ ಅನ್ನಕಾಯ್ತದಾ?"

"ಅಣ್ಣನ ಎಸ್ರು ಹೇಳ್ಕಂಡು ನಿಂದೇ ಅಬ್ಬ ಮಾಡ್ಕೊ."

"ಅಣ್ಣನ ಪರವಾಗಿ ನಾನು ಕಷ್ಟಪಡ್ತೀನಿ, ಅಷ್ಟೇಯ" ಎಂದು ನಕ್ಕು ಜಾರಿಕೊಂಡ.

ಇಂದ್ರಾಣಿಗೇ ಹೇಳಿಬಿಡಬೇಕೆಂದು ಒಳಗೆ ಬಂದಳು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಇಂದ್ರಾಣಿ, ಗೋಡೆಯ ಮೇಲಿದ್ದ ಶ್ರೀಧರನ ಫೋಟೋ ನೋಡುತ್ತಾ ಅಂದಳು: "ನಮ್ಮಪ್ಪ ಎಸ್ಟೇಟಿನಲ್ಲಿ ರಬ್ಬರ್ ಹಾಲು ಇಳಿಸ್ತಿದ್ರು. ಕುಡಿದು ಬಂದ್ರೆ ನಾವು ಮಕ್ಕಳೆಲ್ಲ ಮಂಚದ ಕೆಳಗೆ. ಒಂದಿನ ಅಣ್ಣನ ಸಿನಿಮಾ ನೋಡಿದೆ. ತೂರಾಡಿಕೊಂಡು ಬಂದು ಮೇಕೆಗೆ ನಮಸ್ಕಾರ ಮಾಡ್ತಾರಲ್ಲ, ಅದು. ಆ ರಾತ್ರಿ ಅಪ್ಪ ಬಾಗಿಲು ಒದ್ದಾಗ ನಂಗೆ ಅದೇ ಜ್ಞಾಪಕ ಬಂದು ನಗು ತಡೀಲಿಲ್ಲ. ಆವತ್ತಿಂದ ಮಂಚದ ಕೆಳಗೆ ಹೋಗಲಿಲ್ಲ ಅಕ್ಕಾ." ಬಾಟಲಿ ಎತ್ತಿ ತೋರಿಸಿದಳು. "ಈ ಬ್ರಾಂಡ್ ಅಣ್ಣನಿಗೆ ಇಷ್ಟ ಆಗುತ್ತಾ?"

ಅರುಣಕುಮಾರಿ ಬಾಟಲಿಯನ್ನು ಕೈಗೆ ತೆಗೆದುಕೊಂಡು ಸೆರಗಿನಿಂದ ಒರೆಸಿದಳು.

"ಆಗುತ್ತೆ" ಅಂದಳು. "ಯಾಕಾಗಲ್ಲ?"

ಮೆರವಣಿಗೆಯಂತೆ ಎಲ್ಲರೂ ಹೊರಟರು. ಹೊಲದ ಅಂಚಿನ ಹೊಂಗೆಮರದ ಹತ್ತಿರ ಅರುಣಕುಮಾರಿ, ಸುಮಲತ ನಿಂತರು. ಹೊರಗಿನವಳಾದ ಇಂದ್ರಾಣಿಗೆ ತಡೆಯಿರಲಿಲ್ಲ. ಅವಳು ಗಂಡಸರ ಜೊತೆ ಮುಂದೆ ನಡೆದಳು. ಸ್ವಲ್ಪ ಹೊತ್ತಿಗೆ ಅತ್ತಲಿಂದ ನಗು ಕೇಳಿಸಿತು. ಇಂದ್ರಾಣಿ ತೂರಾಡುತ್ತಾ, ಇಲ್ಲದ ಮೇಕೆಗೆ ಕೈಮುಗಿಯುತ್ತಿದ್ದುದು ದೂರದಿಂದಲೂ ಕಂಡಿತು. ಸುಮಲತ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅರುಣಕುಮಾರಿಗೂ ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. ಸಮುದ್ರದಾಚೆಯವಳು ಅವನ ತಲೆಯ ಹತ್ತಿರ ನಿಂತಿದ್ದಾಳೆ. ಜೊತೆಗೆ ಬಾಳಿದ ತಾನು ಒಂದು ಕೂಗಳತೆಯಲ್ಲಿ ಮರಕ್ಕೆ ಒರಗಿಕೊಂಡಿದ್ದೇನೆ.

ಊಟಕ್ಕೆ ಕೂತ ಇಂದ್ರಾಣಿ ಹಿತ್ಕಿದಬೇಳೆ ಸಾರಿನಲ್ಲಿ ಮುದ್ದೆ ನುಂಗಲು ಹೋಗಿ ಅಗಿದುಬಿಟ್ಟಳು. ಮಕ್ಕಳೆಲ್ಲ ಹೋ ಎಂದರು. ಸಂಜೆ ಆಟೋ ಹತ್ತುವಾಗ ಅಪ್ಪಿಕೊಂಡು, "ಮುಂದಿನ ವರ್ಷವೂ ತರ್ತೀನಿ ಅಕ್ಕಾ" ಅಂದಳು.

"ತಾಮ್ಮ, ತಗೊಂಬಾ" ಎಂದು ಅರುಣಕುಮಾರಿ ಮನಸಾರೆ ಹೇಳಿದಳು.

ದೀಪ ಹಚ್ಚಿದ ಮೇಲೆ ಹಾಲಿಗೆ ಹೆಪ್ಪು ಹಾಕಲು ಕೂತಳು. ದಿನದ ಗಡಿಗೆಯ ಪಕ್ಕದಲ್ಲಿ ಇನ್ನೊಂದು ಸಣ್ಣ ಗಡಿಗೆ ಇಟ್ಟು, ಅದಕ್ಕೂ ಹಾಲು ಬಗ್ಗಿಸಿದಳು. ವೇಣು ಡೈರಿಗೆ ಹಾಲು ಹಾಕಲು ಹೋಗುವುದು ನಸುಕಿನಲ್ಲಿ. ಆ ಹೊತ್ತಿಗೆ ಹೊಲದ ಕಡೆ ಯಾರೂ ಇರುವುದಿಲ್ಲ.

"ಇದ್ಯಾಕಕ್ಕ ಎಲ್ಡು ಗಡ್ಗೆ?" ಸುಮಲತ ಕೇಳಿದಳು.

"ಇರ್ಲಿ ಬಿಡು" ಎಂದು ಅರುಣಕುಮಾರಿ ಶುಂಠಿ ಎಲ್ಲಿದೆಯೆಂದು ನೋಡಲು ಎದ್ದಳು.