ಮೇಷ್ಟ್ರು ಬರುವ ದಿನದ ಅಂಗಿ

"ಏಯ್ ಪುಕ್ಸಟ್ಟೆ! ಕಕ್ಕಸು ತೊಳ್ದಾಯ್ತಾ, ಇಲ್ಲ ಒಳ್ಗೇ ಸಂಸಾರ ಹೂಡ್ಬುಟ್ಯಾ?"

ಟಿಮ್ಮಿನ್ಸ್ ಊರಂಚಿನಲ್ಲಿ, ಗಾರ್ಡ್ ಪೆಲ್ಕಿ ಎಂಬವನ ಕಾರು ಗ್ಯಾರೇಜಿನಲ್ಲಿ ಡೆಲ್ಫೀನಳಿಗೆ ಅದೇ ಹೆಸರು. ಹೈಸ್ಕೂಲಿನ ಕೊನೇ ವರ್ಷ. ಅರ್ಧ ದಿನ ಶಾಲೆ, ಅರ್ಧ ದಿನ ಇಲ್ಲಿ ದುಡಿತ. ಕೂಲಿಯ ಬದಲು, ಶಾಲೆಯ ಲೆಕ್ಕಕ್ಕೆ ಸೇರುವ ಕ್ರೆಡಿಟ್ಟು. ಆ ಕ್ರೆಡಿಟ್ಟಿಲ್ಲದೆ ಪಾಸಿಲ್ಲ, ಪಾಸಾಗದೆ ಮೆಕ್ಯಾನಿಕ್ ತರಬೇತಿಯಿಲ್ಲ. ಬ್ರೇಕು ಬಿಚ್ಚುವುದನ್ನು ಕಲಿಯಲು ಬಂದವಳು ಚಳಿಗಾಲವಿಡೀ ಕಲಿತದ್ದು, ಗಾರ್ಡ್‌ನ ನಾಯಿ ಎಲ್ಲೆಲ್ಲಿ ಹೇಲುತ್ತದೆ ಎಂಬುದನ್ನು.

"ನಮ್ಮವ್ವನೂ ಮೋಟೆಲಲ್ಲಿ ಇದ್ನೇ ತೊಳೀತಾಳೆ," ಎಂದಳು. "ಅವ್ಳಿಗೆ ಸಂಬ್ಳ ಕೊಡ್ತಾರೆ."

"ಕ್ರೆಡಿಟ್ಟು ಕೊಡ್ತಾರೇನೆ? ಬಾಯ್ ಮುಚ್ಕೊಂಡು ಇದ್ನ ಹಾಕ್ಕೊ. ನಿಮ್ ಮೇಷ್ಟ್ರು ಬತ್ತಾವ್ರೆ."

ಒಗೆದು ಮಡಿಸಿಟ್ಟ ನೀಲಿ ಮೇಲಂಗಿ ಅವಳ ಮುಖಕ್ಕೆ ಬಿತ್ತು. ಅದು ಹೊರಬರುವುದು ಮೇಷ್ಟ್ರು ನೋಡಲು ಬರುವ ದಿನ ಮಾತ್ರ. ಹೋದ ಸಲ ಅದನ್ನು ತೊಟ್ಟು, ಎತ್ತಿ ನಿಲ್ಲಿಸಿದ ಕಾರಿನಡಿ ಮೇಷ್ಟ್ರ ಫೋಟೋಗೆ ಹಲ್ಲು ಕಿರಿದಿದ್ದಳು. ಆ ಫೋಟೋ ಈಗ ಶಾಲೆಯ ಗೋಡೆಯ ಮೇಲಿದೆ, ಹಾರ ಒಂದು ಕಮ್ಮಿ.

ಈ ಸಲ ಆ ಅಂಗಿಯಿಂದ ಕಕ್ಕಸಿನ ನೆಲ ಒರೆಸಿದಳು.

ಹ್ಯಾಲೊರನ್ ಮೇಷ್ಟ್ರು ಬೂಟಿನ ಹಿಮ ಕೊಡವುತ್ತ ಬಂದರು. ಅವರ ಕೈಗೆ ಗಾರ್ಡ್ ಕಾಫಿ ಕೊಟ್ಟ.

"ನಿಮ್ ಹುಡ್ಗಿ ಬ್ರೇಕಲ್ಲಿ ಎತ್ತಿದ್ ಕೈ ಸಾರ್..."

"ಬ್ರೇಕು ಇಲ್ಲೈತೆ ಬನ್ನಿ ಸಾರ್!" ಕಕ್ಕಸಿನಿಂದ ಡೆಲ್ಫೀನ್ ಕೂಗಿದಳು. "ಫೋಟೋ ತೆಕ್ಕೊಳಿ!"

ಮೇಷ್ಟ್ರು ಬಾಗಿಲಿಗೆ ಬಂದು ಅವಳನ್ನು ನೋಡಿದರು, ನೆಲ ನೋಡಿದರು, ಆಮೇಲೆ ಕಾಫಿಯನ್ನೇ ನೋಡುತ್ತ ನಿಂತರು.

"ಯಾವ್ ಕೆಲ್ಸಾನೂ ಕೀಳಲ್ಲಮ್ಮ. ಇದ್ರಲ್ಲೂ ಒಂದು ಪಾಠ ಇರುತ್ತೆ."

"ನಾನ್ ಸೈನ್ ಹಾಕ್ದಿದ್ರೆ ಇವ್ಳ ಕ್ರೆಡಿಟ್ಟು ನಾಯಿಪಾಲು," ಗಾರ್ಡ್ ನಕ್ಕ.

ಮೇಷ್ಟ್ರು ಕಾಫಿ ಒಂದು ಗುಟುಕು ಹೀರಿದರು. ಮುಂದಿನ ವರ್ಷದ ಮಕ್ಕಳಿಗೂ ಅವರು ದುಡಿಯಲು ಇಂಥ ಜಾಗ ಹುಡುಕಬೇಕಿತ್ತು.

ಡೆಲ್ಫೀನ್ ಅವರ ಕೈಯಿಂದ ಕಾಫಿ ಲೋಟ ತೆಗೆದು ಪಕ್ಕಕ್ಕಿಟ್ಟು, ಆ ಕೈಗೆ ನೀರು ತೊಟ್ಟಿಕ್ಕುವ ಕಕ್ಕಸಿನ ಬ್ರಷ್ಷು ತುರುಕಿದಳು.

"ಪಾಠ ಮಾಡೋರು ನೀವು ಸಾರ್. ಮಾಡಿ."

ನೆಟ್ಟಗೆ ಹೋಗಿ ಪಾನಾ ಎತ್ತಿಕೊಂಡು ಗಿರಾಕಿಯ ಕಾರಿನ ಚಕ್ರಕ್ಕೆ ಕೈಹಾಕಿದಳು. ಹಿಮ ಕರಗಲೆಂದು ರಸ್ತೆಗೆ ಚೆಲ್ಲಿದ ಉಪ್ಪು ತಿಂದು ನಟ್ಟು ತುಕ್ಕು ಹಿಡಿದಿತ್ತು. ಜಗ್ಗಿದರೂ ಜಪ್ಪಯ್ಯ ಅನ್ನಲಿಲ್ಲ.

"ಮುಟ್ಬ್ಯಾಡ ಕಣೆ ಮುಂಡೇದೆ! ನಿನ್ ಕ್ರೆಡಿಟ್ಟು ಹೋಯ್ತು ಅಂತ್ಲೇ ತಿಳ್ಕೊ!"

ಅವಳು ಎದ್ದು ಪಾನಾದ ಹಿಡಿಯ ಮೇಲೆ ಎರಡೂ ಕಾಲಿಟ್ಟು, ಮೈಭಾರವೆಲ್ಲ ಬಿಟ್ಟು ಕುಪ್ಪಳಿಸಿದಳು.

ನಟ್ಟು ಕಿರ್ರೆಂದಿತು.